ಕಿನೊಸಾಕಿಯ ಬಿಸಿನೀರು, ಅಮ್ಮನ ಊಟ

ಜಪಾನಿನಿಂದ ಬಂದು ಇವತ್ತಿಗೆ ಒಂಬತ್ತು ದಿನ. ಸೂಟ್‌ಕೇಸ್ ಇನ್ನೂ ಪೂರ್ತಿ ಖಾಲಿ ಮಾಡಿಲ್ಲ. ಅಷ್ಟರಲ್ಲೇ ಮೂರು ಜನ ಫೋನ್ ಮಾಡಿದರು. "ಅಮ್ಮನ್ನ ಅಲ್ಲಿಗೆ ಹೇಗೆ ಕರ್ಕೊಂಡು ಹೋದ್ರಿ? ಊಟಕ್ಕೇನು ಮಾಡಿದ್ರಿ? ಮತ್ತೆ ಆ ಸ್ನಾನ..." ಸ್ನಾನ ಅನ್ನುವಾಗ ಮೂವರ ದನಿಯೂ ಸಣ್ಣಗಾಯಿತು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ನೆನಪು ಹಸಿಯಾಗಿರುವಾಗಲೇ ಬರೆದುಬಿಡುತ್ತೇನೆ.

ಹೋದದ್ದು ಮೂರು ಜನ. ನಾನು, ನಮ್ಮವರು, ನನ್ನಮ್ಮ. ಅಮ್ಮನಿಗೆ 64 ವರ್ಷ, ತೀರ್ಥಹಳ್ಳಿ ಹತ್ತಿರ ಮನೆ. ಮೊಟ್ಟೆಯನ್ನೂ ಮುಟ್ಟುವವರಲ್ಲ. ನಾನೂ ಹಾಗೆಯೇ. ನಮ್ಮವರು ಕುಮಟಾದವರು, ಮೀನು ಇದ್ದರೆ ಮಾತ್ರ ಊಟ ಅನ್ನುವವರು. ಅಪ್ಪ ಬರಲಿಲ್ಲ. ನವೆಂಬರಿನಲ್ಲಿ ಅಡಿಕೆ ಕೊಯ್ಲು ಬಿಟ್ಟು ಎಲ್ಲಿಗೆ ಬರುತ್ತಾರೆ?

ಜಪಾನಿನಲ್ಲಿ ಬಿಸಿನೀರಿನ ಬುಗ್ಗೆಗೆ ಒನ್ಸೆನ್ ಅನ್ನುತ್ತಾರೆ. ಅಂಥ ಊರಿನ ಹಳೇ ಪದ್ಧತಿಯ ವಸತಿಗೃಹ ರ್ಯೋಕಾನ್. ಒನ್ಸೆನ್ ಊರುಗಳು ದೇಶದ ತುಂಬ ಇವೆ. ನಾವು ಹ್ಯೋಗೊ ಪ್ರಾಂತ್ಯದ ಕಿನೊಸಾಕಿ ಆರಿಸಿಕೊಂಡಿದ್ದಕ್ಕೆ ಎರಡು ಕಾರಣ. ಒಂದು, ನವೆಂಬರ್ 6ಕ್ಕೆ ಅಲ್ಲಿ ಏಡಿ ಹಿಡಿಯುವ ಕಾಲ ಶುರುವಾಗುತ್ತದೆ. ಅದು ನಮ್ಮವರ ಆಸೆ. ಎರಡನೆಯದು ಅಮ್ಮನ ಹಚ್ಚೆ. ಅಮ್ಮನ ಮುಂಗೈ ಮೇಲೆ ಅಜ್ಜಿ ಹಾಕಿಸಿದ ಪುಟ್ಟ ತುಳಸಿಕಟ್ಟೆ ಇದೆ. ಜಪಾನಿನಲ್ಲಿ ಹಚ್ಚೆ ಅಂದರೆ ರೌಡಿ ಗುಂಪುಗಳ ನೆನಪು. ಹಾಗಾಗಿ ಎಷ್ಟೋ ಕಡೆ ಹಚ್ಚೆ ಇದ್ದವರನ್ನು ಸ್ನಾನಕ್ಕೇ ಬಿಡುವುದಿಲ್ಲ. ಕಿನೊಸಾಕಿಯ ಊರ ಸ್ನಾನಗೃಹಗಳಲ್ಲಿ ಆ ತಡೆ ಇಲ್ಲ. ಮನೆಯಲ್ಲಿ ಹಚ್ಚೆ ಇರುವ ಹಿರಿಯರಿದ್ದರೆ ಊರು ಆರಿಸುವ ಮೊದಲೇ ಇದನ್ನು ನೋಡಿಕೊಳ್ಳಿ. ಅಲ್ಲಿಗೆ ಹೋಗಿ ಬಾಗಿಲಲ್ಲಿ ನಿಂತಾಗ ಗೊತ್ತಾದರೆ ಆ ವಯಸ್ಸಿನವರಿಗೆ ತುಂಬ ನೋವಾಗುತ್ತದೆ.

ಬುಕಿಂಗ್ ವಿಷಯಕ್ಕೆ ಬರುತ್ತೇನೆ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ತಲೆಬಿಸಿ ಕೊಟ್ಟಿದ್ದು ಇದೇ.

ರ್ಯೋಕಾನ್‌ನಲ್ಲಿ ಬಾಡಿಗೆ ಕೋಣೆಗಲ್ಲ, ತಲೆಗೆ. ಸಾಮಾನ್ಯವಾಗಿ ರಾತ್ರಿ ಊಟ, ಬೆಳಗಿನ ತಿಂಡಿ ಎರಡೂ ಅದರಲ್ಲೇ ಸೇರಿರುತ್ತವೆ. ರಾತ್ರಿ ಊಟ ಅಂದರೆ ಹತ್ತು ಹನ್ನೆರಡು ಬಗೆ, ಒಂದಾದ ಮೇಲೊಂದು, ಚಿಕ್ಕ ಚಿಕ್ಕ ಬಟ್ಟಲಿನಲ್ಲಿ. ಆ ಊರಲ್ಲಿ, ಆ ತಿಂಗಳಲ್ಲಿ ಸಿಗುವುದನ್ನೇ ಬಡಿಸುವುದು ಅವರ ಹೆಮ್ಮೆ. ಕಿನೊಸಾಕಿಯಲ್ಲಿ ಅದು ಪಕ್ಕದ ತ್ಸುಇಯಾಮಾ ಬಂದರಿನ ಏಡಿ ಮತ್ತು ತಾಜಿಮಾ ದನದ ಮಾಂಸ. ಪ್ರಪಂಚಕ್ಕೆಲ್ಲ ಗೊತ್ತಿರುವ ಕೋಬೆ ಮಾಂಸವೂ ಈ ತಾಜಿಮಾ ತಳಿಯದ್ದೇ. ಇಂಥ ಊರಿಗೆ ಅಮ್ಮನನ್ನು ಕರೆದುಕೊಂಡು ಹೋಗಬೇಕಿತ್ತು.

ಮಾಂಸ ಮೀನು ಬೇಡ ಅಂದರೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯುವುದಿಲ್ಲ. ಅಲ್ಲಿನ ಅಡುಗೆಯ ಬುಡದಲ್ಲೇ ದಾಶಿ ಅನ್ನುವ ಒಂದು ತಿಳಿ ಇರುತ್ತದೆ. ನಮ್ಮ ತಿಳಿಸಾರಿನ ಕಟ್ಟು ಇದ್ದ ಹಾಗೆ. ಹೆಚ್ಚಿನ ಕಡೆ ಅದನ್ನು ಒಣಗಿಸಿ ಹೊಗೆಯಾಡಿಸಿದ ಬೊನಿಟೊ ಮೀನಿನ ತೆಳು ಎಸಳುಗಳಿಂದ ತೆಗೆಯುತ್ತಾರೆ. ಹುದುಗಿಸಿದ ಸೋಯಾ ಮುದ್ದೆ ಮಿಸೊ ಕದಡಿದ ಸೂಪಿಗೆ ಅದೇ, ಬೇಯಿಸಿದ ತರಕಾರಿಗೆ ಅದೇ, ನಮ್ಮ ಬಜ್ಜಿಯಂಥ ಟೆಂಪುರಾ ಅದ್ದಿಕೊಳ್ಳುವ ರಸಕ್ಕೂ ಅದೇ. ಕಣ್ಣಿಗೆ ಮೀನು ಕಾಣುವುದೇ ಇಲ್ಲ. ಹಾಗಾಗಿ 'ವೆಜಿಟೇರಿಯನ್' ಅಂದರೆ ಎಷ್ಟೋ ಕಡೆ ಬಟ್ಟಲಿನಿಂದ ಮೀನಿನ ತುಂಡು ತೆಗೆದು, ಅದೇ ರಸದಲ್ಲಿ ಬೆಂದ ಮೂಲಂಗಿ ಕೊಡುತ್ತಾರೆ. ಅವರದು ಮೋಸವಲ್ಲ. ಅವರ ಲೆಕ್ಕದಲ್ಲಿ ಅದು ತರಕಾರಿ.

ಮೊದಲು ಬರೆದ ರ್ಯೋಕಾನ್‌ನವರು ಎರಡು ದಿನಕ್ಕೆ ಉತ್ತರ ಕೊಟ್ಟರು. ತುಂಬ ವಿನಯದಿಂದ, ನಮ್ಮ ಕೈಯಲ್ಲಿ ಆಗುವುದಿಲ್ಲ ಅಂದರು. ನನಗೆ ಅಳುವೇ ಬಂತು. ಈಗ ನೋಡಿದರೆ ಅವರು ಮಾಡಿದ್ದು ಉಪಕಾರ. ಆಗುತ್ತದೆ ಅಂದು ಅಲ್ಲಿ ಹೋದಾಗ ಬರೀ ಅನ್ನ, ಉಪ್ಪು ಇಟ್ಟಿದ್ದರೆ?

ಎರಡನೆಯವರು ಆಗುತ್ತದೆ ಅಂತಲೂ ಹೇಳಲಿಲ್ಲ, ಆಗಲ್ಲ ಅಂತಲೂ ಹೇಳಲಿಲ್ಲ. ಪ್ರಶ್ನೆ ಕಳಿಸಿದರು. ಮೀನಿನ ದಾಶಿ ಆಗುತ್ತದಾ? ಮೊಟ್ಟೆ? ಹಾಲು? ಈರುಳ್ಳಿ ಬೆಳ್ಳುಳ್ಳಿ? ಅಡುಗೆಗೆ ಹಾಕುವ ಅಕ್ಕಿ ಮದ್ಯ? ಒಂದೇ ಎಣ್ಣೆಯಲ್ಲಿ ಮೀನನ್ನೂ ಕರಿದಿದ್ದರೆ? ಈ ಕೊನೆಯ ಪ್ರಶ್ನೆ ನೋಡಿದ ಕೂಡಲೇ ಇವರೇ ಸರಿ ಅನ್ನಿಸಿತು. ಹೀಗೆ ತಿರುಗಿ ಪ್ರಶ್ನೆ ಕೇಳುವವರ ಹತ್ತಿರವೇ ಬುಕ್ ಮಾಡಿ.

ನಾನು ಬರೆದದ್ದು ಇಷ್ಟು: "ಇಬ್ಬರಿಗೆ ಮಾಂಸ, ಮೀನು, ಏಡಿ, ಸಿಗಡಿ, ಮೊಟ್ಟೆ ಬೇಡ. ಮೀನಿನ ದಾಶಿಯೂ ಬೇಡ. ಕೊಂಬು ಅಥವಾ ಒಣ ಅಣಬೆಯ ದಾಶಿ ಆಗುತ್ತದೆ. ಹಾಲು, ಈರುಳ್ಳಿ, ಬೆಳ್ಳುಳ್ಳಿ ಆಗುತ್ತದೆ. ಮದ್ಯ ಹಾಕಬೇಡಿ. ಎಣ್ಣೆ ಬೇರೆ ಇರಲಿ. ಬಗೆ ಕಡಿಮೆಯಾದರೂ ಬೇಸರವಿಲ್ಲ." ಕೊಂಬು ಅಂದರೆ ಸಮುದ್ರದ ಪಾಚಿ ಜಾತಿಯ ಎಲೆ. ಫೋನಿನ ಅನುವಾದದಲ್ಲಿ ಜಪಾನಿ ಭಾಷೆಗೆ ಮಾಡಿ, ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ, ಸರಿ ಬಂದಿದೆ ಅಂತ ಖಾತ್ರಿ ಆದ ಮೇಲೆ ಕಳಿಸಿದೆ. ಕೊನೆಯ ಸಾಲು ಮರೆಯಬೇಡಿ. ಅಡುಗೆಯವರಿಗೆ ಹನ್ನೆರಡು ಬಗೆ ತುಂಬಿಸಬೇಕು ಅನ್ನುವ ಒತ್ತಡ ಅದರಿಂದ ಇಳಿಯುತ್ತದೆ. ಇದೆಲ್ಲ ನಡೆದದ್ದು ಎರಡು ತಿಂಗಳ ಮೊದಲು. ಅಲ್ಲಿಗೆ ಹೋದ ಮೇಲೆ ಹೇಳಿದರೆ ಏನೂ ಮಾಡಲು ಆಗುವುದಿಲ್ಲ. ಸಾಮಾನೆಲ್ಲ ತಲೆ ಎಣಿಸಿಯೇ ತರಿಸಿರುತ್ತಾರೆ.

ಅದೇ ಪತ್ರದಲ್ಲಿ ಅಮ್ಮನ ಮಂಡಿನೋವಿನ ವಿಷಯವನ್ನೂ ಬರೆದಿದ್ದೆ. ರ್ಯೋಕಾನ್‌ನಲ್ಲಿ ನೆಲಕ್ಕೆಲ್ಲ ತತಾಮಿ ಚಾಪೆ. ಊಟಕ್ಕೆ ನೆಲದ ಮೇಲೆ ಕೂರಬೇಕು, ನೆಲದ ಮೇಲೇ ಹಾಸಿಗೆ. ಕೇಳಿದ್ದಕ್ಕೆ ಊಟದ ಕೋಣೆಯಲ್ಲಿ ಮೇಜು ಕುರ್ಚಿ ಕೊಟ್ಟರು, ಅಮ್ಮನಿಗೆ ಎರಡು ಹಾಸಿಗೆ ಒಂದರ ಮೇಲೊಂದು ಹಾಸಿದರು.

ವೀಸಾ ಬಗ್ಗೆ ಒಂದೇ ಮಾತು. ಅರ್ಜಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ಕಾಗದ, ಟಿಕೆಟ್ ಬುಕಿಂಗ್ ಎಲ್ಲ ಮಾಮೂಲಿ. ಜೊತೆಗೆ ದಿನಕ್ಕೊಂದು ಸಾಲಿನಂತೆ ಎಲ್ಲಿರುತ್ತೀರಿ, ಏನು ಮಾಡುತ್ತೀರಿ ಅಂತ ಒಂದು ಪಟ್ಟಿ ಕೊಡಬೇಕು. ನಮಗೆ ತೊಡಕಾದದ್ದು ಅಮ್ಮನ ಹೆಸರು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೂ ಪೂರ್ತಿ ಸೇರಿದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್. ಕೌಂಟರಿನಿಂದ ವಾಪಸ್ ಕಳಿಸಿದರು. ಎರಡೂ ಒಬ್ಬರದೇ ಹೆಸರು ಅಂತ ಬ್ಯಾಂಕಿನಿಂದ ಪತ್ರ, ಜೊತೆಗೆ ನೋಟರಿ ಪ್ರಮಾಣಪತ್ರ ಮಾಡಿಸಿಕೊಂಡು ಬೆಂಗಳೂರಿಗೆ ಮತ್ತೊಮ್ಮೆ ಹೋದೆವು. ಹಳ್ಳಿಯಲ್ಲಿರುವ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಈ ಹೆಸರುಗಳನ್ನು ಮೊದಲೇ ತಾಳೆ ನೋಡಿ.

ಇನ್ನು ಹೊರಟ ದಿನ. ಕ್ಯೋಟೊದಿಂದ ಕಿನೊಸಾಕಿಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ದೊಡ್ಡ ಸೂಟ್‌ಕೇಸ್‌ಗಳನ್ನು ಹಿಂದಿನ ದಿನವೇ ಕೊರಿಯರಿನಲ್ಲಿ ಒಸಾಕಾ ಹೋಟೆಲಿಗೆ ಕಳಿಸಿದ್ದೆವು. ಅದು ಒಳ್ಳೆಯ ಕೆಲಸವಾಯಿತು. ಆದರೆ ಕ್ಯೋಟೊ ಸ್ಟೇಷನ್ನಿನಲ್ಲಿ ಎಡವಿದೆವು. ಈ ರೈಲು ಹೊರಡುವುದು 31ರ ಆಸುಪಾಸಿನ ಪ್ಲಾಟ್‌ಫಾರ್ಮಿನಿಂದ. ಅವು ಸ್ಟೇಷನ್ನಿನ ಪಶ್ಚಿಮದ ತುದಿಯಲ್ಲಿವೆ. ನಾವು ಗೇಟು ದಾಟಿದ್ದು ಹೊರಡಲು ಎಂಟು ನಿಮಿಷ ಇರುವಾಗ. ಅಮ್ಮ ಓಡಲಾರರು. ರೈಲಿನ ಬಾಲ ಕಾಣಿಸಿತು ಅಷ್ಟೇ. ಮುಂದಿನದಕ್ಕೆ ಎರಡು ಗಂಟೆ ಕಾದೆವು. ಅಮ್ಮ ಚೀಲದಿಂದ ಚಪಾತಿ, ಚಟ್ನಿಪುಡಿ ತೆಗೆದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ರ್ಯೋಕಾನ್‌ನಲ್ಲಿ ಊಟಕ್ಕೆ ಹೊತ್ತು ಗೊತ್ತು ಮಾಡಿರುತ್ತಾರೆ, ನಮ್ಮದು ಆರು ಗಂಟೆಗೆ. ತಡವಾದರೆ ಊಟ ಹೋಯಿತು. ಸ್ಟೇಷನ್ನಿನಿಂದಲೇ ಫೋನ್ ಮಾಡಿ, ಐದೂಕಾಲಿಗೆ ತಲುಪುತ್ತೇವೆ ಅಂತ ಹೇಳಿದ ಮೇಲೆ ಉಸಿರಾಡಿದೆ. ತಡವಾಗುತ್ತದೆ ಅನ್ನಿಸಿದ ಕೂಡಲೇ ಫೋನ್ ಮಾಡಿ, ಐದು ನಿಮಿಷವಾದರೂ ಸರಿ.

ಟಿಕೆಟ್ ಒಂದು ಕಡೆಗೆ ಸುಮಾರು 5,000 ಯೆನ್. ನಾವು ಹಿಮೆಜಿ, ಒಕಾಯಾಮಾ ಕೂಡ ನೋಡುವವರಿದ್ದೆವು. ಹಾಗಾಗಿ ಐದು ದಿನದ ಕನ್ಸಾಯ್ ವೈಡ್ ಏರಿಯಾ ರೈಲು ಪಾಸ್ ತೆಗೆದುಕೊಂಡೆವು, ತಲೆಗೆ 12,000 ಯೆನ್. ಅದರಲ್ಲಿ ಕಿನೊಸಾಕಿಯೂ ಬರುತ್ತದೆ.

ಇಳಿದಾಗ ಮಳೆ. ಊಟದ ಡಬ್ಬಿ ಮರೆತರೂ ಕೊಡೆ ಮರೆಯಬೇಡ ಅಂತ ಆ ಸೀಮೆಯಲ್ಲಿ ಒಂದು ಗಾದೆಯೇ ಇದೆಯಂತೆ. "ನಮ್ಮೂರಿನ ಥರಾನೇ," ಅಂತ ಅಮ್ಮ ಸೆರಗು ತಲೆ ಮೇಲೆ ಎಳೆದುಕೊಂಡರು. ಊರ ನಡುವೆ ಚಿಕ್ಕ ಹೊಳೆ, ಅದರ ಎರಡೂ ದಂಡೆಗೆ ವಿಲೋ ಮರ, ಕಲ್ಲಿನ ಸೇತುವೆಗಳು, ಮೂರಂತಸ್ತಿನ ಮರದ ಮನೆಗಳು. 1925ರ ಮೇ ತಿಂಗಳ ಭೂಕಂಪದಲ್ಲಿ ಈ ಊರು ಉರುಳಿ ಬೆಂಕಿಗೆ ಹೋಗಿತ್ತು. ಈಗ ಕಾಣುವುದು ಆಮೇಲೆ ಕಟ್ಟಿದ ಊರು. ಕಿನೊಸಾಕಿಯವರು ಇಡೀ ಊರೇ ಒಂದು ರ್ಯೋಕಾನ್ ಅನ್ನುತ್ತಾರೆ. ಸ್ಟೇಷನ್ ಅದರ ಹೆಬ್ಬಾಗಿಲು, ರಸ್ತೆ ಪಡಸಾಲೆ, ಒಂದೊಂದು ರ್ಯೋಕಾನೂ ಒಂದೊಂದು ಕೋಣೆ, ಊರಿನ ಏಳು ಸ್ನಾನಗೃಹಗಳೇ ಬಚ್ಚಲು. ತಂಗಿದವರಿಗೆ ತೆರೆದಿರುವವಕ್ಕೆಲ್ಲ ಪುಕ್ಕಟೆ ಪಾಸ್ ಕೊಡುತ್ತಾರೆ. ರ್ಯೋಕಾನ್ ಒಳಗೂ ಸ್ನಾನದ ಕೊಳ ಇರುತ್ತದೆ, ಆದರೆ ಚಿಕ್ಕದು. ಮೊದಲು ಒಳಗೆ ಕೊಳ ಇಡುವ ಪದ್ಧತಿಯೇ ಇರಲಿಲ್ಲ. ಇಡಬಹುದಾ ಬೇಡವಾ ಅಂತ 1927ರಿಂದ 1950ರವರೆಗೆ ಊರಲ್ಲಿ ಜಗಳ ನಡೆದು, ಚಿಕ್ಕದಾಗಿ ಇಟ್ಟುಕೊಳ್ಳಿ ಅಂತ ರಾಜಿಯಾಯಿತು. ನೀರು ಊರಿನದು ಅನ್ನುವ ಮಾತನ್ನು ಅವರು ಬಿಟ್ಟುಕೊಡಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪಾಸ್‌ಪೋರ್ಟ್ ತೋರಿಸಿ, ಯುಕಾತಾ ಅನ್ನುವ ಹತ್ತಿಯ ನಿಲುವಂಗಿ ಉಟ್ಟೆವು. ಎಡಭಾಗ ಮೇಲೆ ಬರಬೇಕು. ಬಲ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಕ್ರಮ. ಇದನ್ನು ಕೇಳಿದ ಮೇಲೆ ಅಮ್ಮ ನನ್ನದನ್ನು, ಅವರದನ್ನು ಮೂರು ಸಲ ನೋಡಿದರು.

ಆರು ಗಂಟೆಗೆ ಊಟ. ಬಡಿಸುವ ಹೆಂಗಸಿಗೆ ಅಮ್ಮನ ವಯಸ್ಸೇ ಇರಬೇಕು. ಅಮ್ಮನ ಮುಂದೆ ಒಂದು ಕಾಗದ ಇಟ್ಟರು. ಅಡುಗೆಗಳ ಹೆಸರು ಜಪಾನಿ ಲಿಪಿಯಲ್ಲಿ. ಪ್ರತಿ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಪುಟ್ಟ ಚಿತ್ರ. ಒಂದು ಕಡೆ ಕೊಂಬು ಎಲೆ, ಒಂದು ಕಡೆ ಅಣಬೆ. ಯಾವ ಬಟ್ಟಲಿಗೆ ಯಾವ ದಾಶಿ ಅಂತ ಅಡುಗೆಯವರೇ ಬರೆದದ್ದು. ಕೆಳಗೆ ಒಂದು ಮೀನು ಬರೆದು ಅದರ ಮೇಲೆ ಅಡ್ಡಗೆರೆ ಎಳೆದಿದ್ದರು. ಅಮ್ಮ ಅದನ್ನು ಮುಟ್ಟಿ ನೋಡಿದರು. ಆಮೇಲೆ ಊಟಕ್ಕೆ ಕೈ ಹಾಕಿದರು. ಆ ಕಾಗದ ಈಗ ಅವರ ದೇವರ ಮನೆಯ ಪಂಚಾಂಗದೊಳಗಿದೆ.

ಎಳ್ಳಿನ ಹಾಲನ್ನು ಗಟ್ಟಿ ಮಾಡಿದ ಎಳ್ಳುತೋಫು, ಸಿಹಿ ಮಿಸೊ ಬಳಿದು ಸುಟ್ಟ ಬದನೆಕಾಯಿ, ಕೊಂಬು ನೀರಿನಲ್ಲಿ ನಮ್ಮೆದುರೇ ಕುದಿಸಿದ ತೋಫು, ಪಕ್ಕದ ತಾಂಬಾ ಸೀಮೆಯ ಕರಿಕಾಳು, ತುರಿದ ಗೆಣಸಿನ ಲೋಳೆ, ಕಮಲದ ದಂಟು ಕುಂಬಳಕಾಯಿ ಟೆಂಪುರಾ, ಅದಕ್ಕೆ ರಸದ ಬದಲು ಬರೀ ಉಪ್ಪು. ಖಾರ ಅನ್ನುವುದು ಎಲ್ಲೂ ಇಲ್ಲ. ಗೆಣಸಿನ ಲೋಳೆ ಅಮ್ಮನಿಗೆ ಸೇರಲಿಲ್ಲ. ಬದನೆಕಾಯಿಯನ್ನು ತೊಟ್ಟಿನವರೆಗೂ ತಿಂದರು, "ಎಣ್ಣೆಗಾಯಿ ಸುಟ್ಟಂಗೆ ಮಾಡಿದ್ದಾರೆ ನೋಡು" ಅಂದರು. ನಮ್ಮವರ ಏಡಿಯ ಕಾಲಿಗೆ ಬಂದರಿನ ಹೆಸರಿದ್ದ ನೀಲಿ ಟ್ಯಾಗ್ ಇತ್ತು. ಹಸಿಯಾಗಿ ಸ್ವಲ್ಪ, ಕೆಂಡದ ಮೇಲೆ ಸ್ವಲ್ಪ, ಉಳಿದದ್ದು ಕುದಿಸಿ, ಕೊನೆಗೆ ಅದೇ ರಸಕ್ಕೆ ಅನ್ನ ಹಾಕಿ ಗಂಜಿ. ಅವರು ಮುಕ್ಕಾಲು ಗಂಟೆ ಒಂದು ಮಾತೂ ಆಡಲಿಲ್ಲ. ಏಡಿಗಾಗಿ ಹೋಗುವವರು ಗಮನಿಸಿ, ಗಂಡು ಏಡಿ ಮಾರ್ಚ್ 20ರವರೆಗೆ ಸಿಗುತ್ತದೆ, ಹೆಣ್ಣು ಏಡಿ ಡಿಸೆಂಬರಿಗೇ ಮುಗಿಯುತ್ತದೆ. ಆ ತಿಂಗಳುಗಳಲ್ಲಿ ದರವೂ ಜಾಸ್ತಿ.

ಈಗ ಸ್ನಾನ. ರೈಲು ತಪ್ಪಿದ್ದರಿಂದ ಊಟಕ್ಕೆ ಮೊದಲು ಹೊತ್ತಿರಲಿಲ್ಲ. ಎಂಟೂವರೆಗೆ ಮರದ ಗೇತಾ ಮೆಟ್ಟಿಕೊಂಡು ಗೋಶೊನೋಯು ಅನ್ನುವ ಸ್ನಾನಗೃಹಕ್ಕೆ ಹೋದೆವು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಆದರೆ ಒಳಗೆ ಬಟ್ಟೆ ಇಲ್ಲ. ಈಜುಡುಗೆಯೂ ಇಲ್ಲ. ಕೈವಸ್ತ್ರದಷ್ಟು ಒಂದು ಟವೆಲ್, ಅದನ್ನೂ ನೀರಿಗೆ ಇಳಿಸುವ ಹಾಗಿಲ್ಲ.

ಅಮ್ಮನಿಗೆ ಊರಿನಲ್ಲೇ ಹೇಳಿದ್ದೆ. ಹೇಳದೆ ಕರೆದುಕೊಂಡು ಹೋಗಬೇಡಿ. ಆದರೂ ಬಟ್ಟೆ ಬಿಡುವ ಕೋಣೆಯಲ್ಲಿ ಅಮ್ಮ ಬುಟ್ಟಿಯ ಮುಂದೆ ಸುಮ್ನೆ ನಿಂತುಬಿಟ್ಟರು. "ನೀ ಹೋಗಿ ಬಾ, ನಾ ಇಲ್ಲೇ ಕೂತಿರ್ತೀನಿ." ನಾನು ಒತ್ತಾಯ ಮಾಡಲಿಲ್ಲ, ಪಕ್ಕದಲ್ಲೇ ಕೂತೆ. ಹೆಂಗಸರು ಬರುತ್ತಿದ್ದರು, ಹೋಗುತ್ತಿದ್ದರು. ಎಂಬತ್ತು ದಾಟಿದ ಅಜ್ಜಿ, ಸೊಸೆ, ಪುಟ್ಟ ಮೊಮ್ಮಗಳು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಅಮ್ಮ ಹತ್ತು ನಿಮಿಷ ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಕರಿಮಣಿ ತೆಗೀಬೇಕಾ?" ತೆಗೆಯಬೇಡಿ ಅಂದೆ. ಕತ್ತಿನಲ್ಲಿದ್ದ ಸರವನ್ನು ಯಾರೂ ಕೇಳಲಿಲ್ಲ. ಗಂಧಕದ ನೀರಿರುವ ಊರುಗಳಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಕಿನೊಸಾಕಿಯದು ಉಪ್ಪುನೀರು. ಆದರೂ ಕಾಲುಂಗುರ ತೆಗೆದಿಟ್ಟೆವು.

ಒಳಗೆ ಗೋಡೆಯುದ್ದಕ್ಕೂ ಗಿಡ್ಡ ಸ್ಟೂಲು, ಚೊಂಬಿನಂಥ ಚಿಕ್ಕ ಬಕೆಟ್. ಕೂತು, ಸೋಪು ಹಚ್ಚಿ, ಮೈಯೆಲ್ಲ ತೊಳೆದ ಮೇಲೇ ಕೊಳಕ್ಕೆ ಇಳಿಯಬೇಕು. ಕೂದಲು ಮೇಲಕ್ಕೆ ಕಟ್ಟಿರಬೇಕು. ಅಮ್ಮ ಸ್ಟೂಲ್ ಮೇಲೆ ಕೂತಿದ್ದೇ, ಮುಖ ಬದಲಾಯಿತು. "ಇದು ನಮ್ಮ ಬಚ್ಚಲಮನೆ ಮಣೆ ಕಣೇ." ನೀರು ತುಂಬುವ ಹಬ್ಬದ ದಿನ ಹಂಡೆ ಒಲೆಯ ಮುಂದೆ ನನಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದವರು, ಅಲ್ಲೂ ನನ್ನ ಬೆನ್ನು ತಿರುಗಿಸಿ ಉಜ್ಜಿದರು. ನಲವತ್ತು ದಾಟಿದ ಮೇಲೆ ಅಮ್ಮ ನನ್ನ ಬೆನ್ನು ಉಜ್ಜಿದ್ದು ಅದೇ ಮೊದಲು.

ಹೊರಗೆ, ಬೆಟ್ಟದ ಬುಡದಲ್ಲಿ, ಮಳೆ ಹನಿ ಬೀಳುತ್ತಿದ್ದ ಬಯಲು ಕೊಳ. ಇಳಿದಾಗ ಆಹಾ ಅನ್ನಿಸಿತು. ಕಾಲು ಗಂಟೆ ಕೂತುಬಿಟ್ಟೆವು. ಅದು ನನ್ನ ತಪ್ಪು. ಏಳುವಾಗ ಅಮ್ಮ ನನ್ನ ತೋಳು ಹಿಡಿದರು, ಮುಖ ಬಿಳಿಚಿತ್ತು. ತಲೆ ಸುತ್ತು. ಪಕ್ಕದಲ್ಲಿದ್ದ ಆ ಎಂಬತ್ತರ ಅಜ್ಜಿಯ ಸೊಸೆ ಓಡಿ ಬಂದು ಇನ್ನೊಂದು ತೋಳು ಹಿಡಿದರು. ಬೆಂಚಿನ ಮೇಲೆ ಕೂರಿಸಿ, ತಣ್ಣೀರಿನ ಟವೆಲ್ ಹಣೆಗಿಟ್ಟು, ನೀರು ಕುಡಿಸಿದೆವು. ಐದು ನಿಮಿಷಕ್ಕೆ ಸರಿಹೋದರು. ನನ್ನ ಕೈ ನಡುಗುವುದು ನಿಲ್ಲಲು ಇನ್ನೂ ಹೊತ್ತು ಹಿಡಿಯಿತು. ಹೊಟ್ಟೆ ತುಂಬ ಉಂಡ ಮೇಲೆ ಇಳಿಯಬೇಡಿ. ಹಿರಿಯರಿಗೆ ಮೊದಲ ಸಲ ಐದು ನಿಮಿಷ ಸಾಕು. ಮೊದಲೂ ಆಮೇಲೂ ನೀರು ಕುಡಿಯಲಿ, ಏಳುವಾಗ ನಿಧಾನ. ಬಿಪಿ, ಹೃದಯದ ತೊಂದರೆ ಇದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

ಇನ್ನು ಅಮ್ಮ ಸ್ನಾನದ ಹೆಸರೆತ್ತುವುದಿಲ್ಲ ಅಂದುಕೊಂಡು ಮಲಗಿದೆ. ಬೆಳಿಗ್ಗೆ ಆರಕ್ಕೆ ಎಬ್ಬಿಸಿದವರು ಅವರೇ. "ಏಳೇ, ಏಳು ಗಂಟೆಗೆ ತೆಗೀತಾರಂತಲ್ಲ." ಖಾಲಿ ಹೊಟ್ಟೆಯಲ್ಲಿ ಬೇಡ ಅಂತ ಬಿಸ್ಕೆಟ್, ನೀರು ಕೊಟ್ಟು ಕರೆದುಕೊಂಡು ಹೋದೆ. ಈ ಸಲ ಕೋನೋಯು. ಏಳರಲ್ಲಿ ತುಂಬ ಹಳೆಯದು. ಗಾಯಗೊಂಡ ಕೊಕ್ಕರೆಯೊಂದು ಇಲ್ಲಿನ ನೀರಿನಲ್ಲಿ ಕಾಲಿಟ್ಟು ವಾಸಿ ಮಾಡಿಕೊಂಡಿತು ಅಂತ ಕಥೆ. ಐದು ನಿಮಿಷ ನೀರಿನಲ್ಲಿ, ಐದು ನಿಮಿಷ ಹೊರಗೆ, ಮತ್ತೆ ಐದು ನಿಮಿಷ. ಮೈ ಬಿಸಿ ತಿಂಡಿ ಮುಗಿಯುವವರೆಗೂ ಇತ್ತು. (ಒಂದೊಂದು ಸ್ನಾನಗೃಹಕ್ಕೆ ವಾರದಲ್ಲಿ ಒಂದೊಂದು ದಿನ ರಜೆ. ಪಟ್ಟಿ ನೋಡಿ ಹೊರಡಿ.)

ತಿಂಡಿಗೆ ಅನ್ನ, ಅಣಬೆ ದಾಶಿಯ ಮಿಸೊ ಸೂಪು, ಉಮೆಬೋಶಿ. ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು ಅದು. ಅಮ್ಮ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಅಪ್ಪೆಮಿಡಿಯ ತಂಗಿ ಇದು." ಅಂಗಡಿಯಲ್ಲಿ ಕೊಳ್ಳುವಾಗ ಮಾತ್ರ ಪೊಟ್ಟಣ ಓದಿ, ಕೆಲವಕ್ಕೆ ಮೀನಿನ ಎಸಳು ಬೆರೆಸಿರುತ್ತಾರೆ.

ಆ ಅನ್ನದ ಬಗ್ಗೆ ಹೇಳಲೇಬೇಕು. ಅದಕ್ಕೆ ಕೊಕ್ಕರೆ ಸಾಕುವ ಅಕ್ಕಿ ಅಂತ ಹೆಸರು. ಈ ತೊಯೊಓಕಾ ಸೀಮೆಯ ಗದ್ದೆಗಳಲ್ಲಿ ಹಿಂದೆ ದೊಡ್ಡ ಬಿಳಿ ಕೊಕ್ಕರೆಗಳಿದ್ದವು. ಕೀಟನಾಶಕ ಬಂತು, ಕಪ್ಪೆ ಮೀನು ಸತ್ತವು, ಕೊಕ್ಕರೆಗಳೂ ಹೋದವು. ಜಪಾನಿನ ಕಾಡುಕೊಕ್ಕರೆಯ ಸಂತತಿ 1971ರಲ್ಲಿ ಇಲ್ಲೇ ಮುಗಿಯಿತು. ಹೊರಗಿನಿಂದ ತಂದು ಸಾಕಿದ ಹಕ್ಕಿಗಳನ್ನು 2005ರಲ್ಲಿ ಮತ್ತೆ ಬಯಲಿಗೆ ಬಿಟ್ಟರು. ಅವು ಬದುಕಬೇಕಲ್ಲ, ಅದಕ್ಕೆ ರೈತರು ಮದ್ದು ಕಡಿಮೆ ಮಾಡಿದರು, ಕೆಲವರು ಬಿಟ್ಟೇಬಿಟ್ಟರು. ಚಳಿಗಾಲದಲ್ಲೂ ಗದ್ದೆಗೆ ನೀರು ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ಗೊದಮೊಟ್ಟೆಗಳು ಕಪ್ಪೆಯಾಗುವವರೆಗೆ ಕಾದು, ಆಮೇಲೆ ನೀರು ಬಿಡುತ್ತಾರೆ. ಬಡಿಸುವ ಹೆಂಗಸು ಕೊಟ್ಟ ಚೀಟಿಯನ್ನು ಅನುವಾದ ಮಾಡಿ ಓದಿ ಹೇಳುತ್ತಿದ್ದರೆ ಅಮ್ಮ ತಟ್ಟೆ ಬದಿಗಿಟ್ಟು ಕೇಳಿದರು. "ಗೊದಮೊಟ್ಟೆಗೆ ಕಾಯ್ತಾರಾ?" ಎರಡು ಸಲ ಕೇಳಿದರು. ಕೊಕ್ಕರೆ ಬೆಳ್ಳೂರಿನವರು ಹಕ್ಕಿಗಾಗಿ ಹುಣಸೆ ಮರ ಬಿಟ್ಟುಕೊಟ್ಟಿದ್ದು ಗೊತ್ತಿತ್ತು. ಆದರೆ ಇಷ್ಟು ದೂರ ಬಂದು ಅಂಥದ್ದೇ ಅನ್ನ ಉಣ್ಣುತ್ತೇವೆ ಅಂದುಕೊಂಡಿರಲಿಲ್ಲ. ಆ ಅಕ್ಕಿ ಗುಂಡಗೆ, ಅಂಟಂಟು, ಬರೀ ಅನ್ನವೇ ಸ್ವಲ್ಪ ಸಿಹಿ. ಅಮ್ಮ ಎರಡು ಸಲ ಹಾಕಿಸಿಕೊಂಡರು.

ಹತ್ತು ಗಂಟೆಗೆ ಕೋಣೆ ಬಿಡಬೇಕು. ಲೆಕ್ಕ ಹೀಗಿತ್ತು: ಏಡಿ ಊಟದ ನಮ್ಮವರಿಗೆ 41,000 ಯೆನ್, ನನಗೂ ಅಮ್ಮನಿಗೂ ತಲಾ 26,000, ಸ್ನಾನದ ತೆರಿಗೆ ತಲೆಗೆ 150. ಒಟ್ಟು 93,450 ಯೆನ್, ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 54 ಸಾವಿರ. ಒಂದು ರಾತ್ರಿಗೆ ಇದು ದೊಡ್ಡ ಮೊತ್ತ. ಎರಡು ವರ್ಷ ಕೂಡಿಟ್ಟಿದ್ದೆವು. ಏಡಿ ಕಾಲ ಬಿಟ್ಟು ಹೋದರೆ ಇಷ್ಟಾಗುವುದಿಲ್ಲ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಅಮ್ಮ ಊರಿನಿಂದ ತಂದಿದ್ದ ಏಲಕ್ಕಿ ಪೊಟ್ಟಣವನ್ನು ಆ ಹೆಂಗಸಿನ ಕೈಗೆ ಕೊಟ್ಟರು. ಅವರು ಮೂಸಿ ನೋಡಿ, ಎರಡೂ ಕೈಯಲ್ಲಿ ಹಣೆಗೆ ಒತ್ತಿಕೊಂಡರು. ರಸ್ತೆಯ ತಿರುವಿನವರೆಗೂ ನಿಂತು ಕೈ ಬೀಸಿದರು.

ರೈಲು ಹೊರಟು ಮರುಯಾಮಾ ನದಿಯ ಪಕ್ಕಕ್ಕೆ ಬಂತು. ಮಳೆ ನಿಂತಿತ್ತು. ಕೊಯ್ಲಾದ ಒಂದು ಗದ್ದೆಯಲ್ಲಿ ನೀರು ನಿಂತಿತ್ತು. ಅದರ ನಡುವೆ ಎರಡು ದೊಡ್ಡ ಬಿಳಿ ಹಕ್ಕಿ, ರೆಕ್ಕೆಯ ತುದಿ ಕಪ್ಪು. ಫೋನ್ ತೆಗೆಯುವಷ್ಟರಲ್ಲಿ ದಾಟಿಹೋದವು. ಅಮ್ಮ ಮಾತ್ರ ಕತ್ತು ತಿರುಗಿಸಿ ನೋಡುತ್ತಲೇ ಇದ್ದರು. ಆಮೇಲೆ ನನ್ನ ಫೋನ್ ಕೇಳಿ ಅಪ್ಪನಿಗೆ ಮಾಡಿದರು. ಊಟದ ವಿಷಯ, ಸ್ನಾನದ ವಿಷಯ ಏನೂ ಹೇಳಲಿಲ್ಲ.

"ಅಲ್ಲ, ಕೆಳಗಿನ ಗದ್ದೇಲಿ ಈ ವರ್ಷ ಕೊಕ್ಕರೆ ಕೂತಿದ್ದು ನೋಡಿದ್ರಾ ನೀವು?"